ಕಾರಕೂನನ ಕಡತ: ಮೋತ ಮಾವಲಿಗೆ ಒಂದು ಮೇಣದ ಕಾಲು



ಹೋದ ಸಂಚಿಕೆಯಲ್ಲಿ ಪುಣೆಯ ಬಾಡಿಗೆ ಮನೆಗಳ ಪುರಾಣವನ್ನು ಹೇಳುತ್ತ, ನಮ್ಮ ಮನೆಯ ಮೆಟ್ಟಲುಗಳ ಕಥೆಯನ್ನು ಮುಂದಿನ ಸಲಕ್ಕೆ ಉಳಿಸಿಕೊಂಡಿದ್ದೆ. ಆ ಕಥೆ ಹೇಳಹೊರಟರೆ ಅದು ಮೆಟ್ಟಲಿಳಿದು, ಬೋರಘಾಟವನ್ನು ದಾಟಿ, ಸಮುದ್ರದ ದಂಡೆಗೆ ಹೋಗಿ ನಿಲ್ಲುತ್ತದೆ. ಆದುದರಿಂದ ಈ ಸಲದ ಕಡತ ಸ್ವಲ್ಪ ದಪ್ಪವಾದರೆ ಸಂಪಾದಕರು ಕ್ಷಮಿಸಬೇಕು.

ನಾವಿರುವುದು ಹಳೆಯ ಕಟ್ಟಡವೊಂದರ ಎರಡನೆಯ ಮಜಲೆಯ ಮೇಲೆ. ಮೆಟ್ಟಲುಗಳ ಪಕ್ಕಕ್ಕೆ ಕಟ್ಟಿಗೆಯ ಕಂಬಿಗಳ ಸಾಲು. ಅವುಗಳಲ್ಲಿ ಒಂದು ಕಂಬಿ ಹೋದ ಚೈತ್ರದಿಂದಲೇ ಅಲುಗಾಡುತ್ತಿತ್ತು. ನನ್ನಾಕೆ ಮೂರು ಸಲ ಹೇಳಿದಳು: "ಏನ್ರೀ, ಅದಕ್ಕೊಂದು ಹಗ್ಗಾನಾದ್ರೂ ಕಟ್ಟಬಾರದ?" ನಾನು ಕಾರಕೂನನಲ್ಲವೇ! ಹಗ್ಗ ಕಟ್ಟುವುದು ಕಾರಕೂನನ ಕೆಲಸವೇ? ಮನೆಯ ಮಾಲಕರಿಗೆ ಒಂದು ಅರ್ಜಿ ಬರೆಯೋಣ ಎಂದೆ. ಕರಡು ಸಿದ್ಧಪಡಿಸಿ ಅಂಗಿಯ ಕಿಸೆಯಲ್ಲಿಟ್ಟುಕೊಂಡೆ. ಭಾನುವಾರ ಚೊಕ್ಕ ಪ್ರತಿ ತೆಗೆಯೋಣ ಎಂದೆ. ಆ ಭಾನುವಾರ ಬರುವ ಮೊದಲೇ, ಜೂನ್ ತಿಂಗಳ ಒಂದು ಶುಕ್ರವಾರ ಸಾಯಂಕಾಲ, ನಮ್ಮ ಐದು ವರ್ಷದ ಚಿನ್ನಿ ಆ ಕಂಬಿಗೆ ಒರಗಿದಳು.

ಎಡಗಾಲಿನ ಮೊಣಕಾಲ ಕೆಳಗಿನ ಎಲುಬು ಮುರಿದಿತ್ತು. ಡಾಕ್ಟರರು ಎಲುಬು ಸರಿ ಕೂಡಿಸಿ ಪ್ಲಾಸ್ಟರು ಹಾಕಿದರು; ಆರು ವಾರ ಹಾಸಿಗೆ. ಕಂಬಿಯನ್ನು ಮರುದಿನವೇ ಬಡಿಗನನ್ನು ಕರೆತಂದು ಭದ್ರ ಮಾಡಿಸಿದೆ. ಅರ್ಧ ತಾಸಿನ ಕೆಲಸ.

ಆರು ವಾರದ ಮೇಲೆ ಪ್ಲಾಸ್ಟರು ತೆಗೆದರು. ಎಲುಬು ಚೆನ್ನಾಗಿ ಕೂಡಿದೆ, ಇನ್ನು ನಡೆಯಲಡ್ಡಿಯಿಲ್ಲ ಎಂದರು. ಆದರೆ ಚಿನ್ನಿ ನಡೆಯಲೊಲ್ಲಳು! ನಿಲ್ಲಿಸಿದರೆ ಬಲಗಾಲ ಮೇಲೆ ಕೊಕ್ಕರೆಯ ಹಾಗೆ ನಿಂತು ಚಿಟ್ಟನೆ ಚೀರುವಳು. ಡಾಕ್ಟರರು, "ಕಾಲು ಗುಣವಾಗಿದೆ, ಭಯ ಗುಣವಾಗಿಲ್ಲ" ಎಂದರು. ಭಯಕ್ಕೆ ಪ್ಲಾಸ್ಟರು ಹಾಕುವ ದವಾಖಾನೆ ಎಲ್ಲಿದೆ?

ಇದೇ ಹೊತ್ತಿಗೆ ನಮ್ಮ ಪಕ್ಕದ ಬಿಡಾರದ ನರ್ಸಬಾಯಿಯವರು ಈ ಕಥೆಯೊಳಗೆ ಬರುತ್ತಾರೆ. ಮಂಗಳೂರಿನ ಕಡೆಯ ಕ್ರೈಸ್ತರು, ಸೇವೆಯಿಂದ ನಿವೃತ್ತರಾದವರು, ಮನೆಮಾತು ಕೊಂಕಣಿ, ನಮ್ಮೊಡನೆ ಆಡುವುದು ಅಚ್ಚ ಮಂಗಳೂರ ಕನ್ನಡ. ನಮ್ಮ ತಾಯಿಯದು ಧಾರವಾಡ ಸೀಮೆಯ ಗಂಡು ಕನ್ನಡ. ಇಬ್ಬರೂ ಮಾತಿಗೆ ಕೂತರೆ ಎರಡು ಬೇರೆ ದೇಶಗಳ ರಾಯಭಾರಿಗಳು ಕೂತಂತೆ. "ನೀವು ಹೆದರುವುದು ಬೇಡ ಅಮ್ಮ, ಹುಡುಗಿ ಓಡ್ತಾಳೆ ಮಾರಾಯ್ರೆ" ಎಂದು ಅವರು; "ನಿಮ್ಮ ಬಾಯಾಗ ಸಕ್ಕರಿ ಬೀಳ್ಲೆವಾ" ಎಂದು ಇವರು. ನರ್ಸಬಾಯಿ ದಿನಾಲು ಸಾಯಂಕಾಲ ಐದಕ್ಕೆ ಬಂದು, ಕಾಲಿಗೆ ಬಿಸಿನೀರಿನ ಶಾಖ ಕೊಟ್ಟು, ನೆಲದ ಮೇಲೆ ಸೀಮೆಸುಣ್ಣದಿಂದ ಮನೆಗಳನ್ನು ಬರೆದು, ಕುಂಟಾಟದ ಆಟವೆಂದು ನೆಪ ಹೇಳಿ ಒಂದೊಂದೇ ಹೆಜ್ಜೆ ಇಡಿಸಿದರು. ಇಪ್ಪತ್ತು ದಿವಸ. ಇಪ್ಪತ್ತೊಂದನೆಯ ದಿವಸ ಚಿನ್ನಿ ಅಡಿಗೆಯ ಮನೆಯಿಂದ ಪಡಸಾಲೆಯವರೆಗೆ ತಾನಾಗಿ ನಡೆದು ಬಂದಳು.

ಆ ರಾತ್ರಿ ಊಟವಾದ ಮೇಲೆ ಅವ್ವ ಮೆಲ್ಲಗೆ ಅಂದಳು:

"ತಮ್ಮಾ, ನಾ ಒಂದು ಹರಕಿ ಹೊತ್ತೀನಿ."

"ಯಾವ ದೇವರಿಗೆ ಅವ್ವಾ? ಎಲ್ಲವ್ವಗೋ?"

"ಮುಂಬೈ ಕಡೆ ಸಮುದ್ರದ ದಂಡಿಮ್ಯಾಗ ಮೋತ ಮಾವಲಿ ಅಂತ ಅದಾಳಂತ. ಅಕಿಗೆ ಮೇಣದ ಕಾಲು ಕೊಡ್ತೀನಿ ಅಂದೀನಿ."

ಬಿ.ಎ. ಪರೀಕ್ಷೆಗೆ ಇತಿಹಾಸ ಓದಿದವನು ನಾನು. ಕಾಲು ಕೂಡಿಸಿದ್ದು ಡಾಕ್ಟರರು, ನಡೆಸಿದ್ದು ನರ್ಸಬಾಯಿ, ನಡುವೆ ಈ ಮಾವಲಿಯ ಪಾತ್ರವೇನು ಎಂದು ವಾದಿಸಲು ಬಾಯಿ ತೆರೆದೆ. ಅವ್ವ ಒಂದೇ ಮಾತಿಗೆ ಮುಚ್ಚಿಸಿದಳು: "ಡಾಕ್ಟರಗ ಫೀ ಕೊಟ್ಟಿ. ನರ್ಸಬಾಯಿ ಕಾಸು ಮುಟ್ಟಲಿಲ್ಲ. ಅವರ ದೇವರಿಗಾದ್ರೂ ಸಲ್ಲಿಸಬ್ಯಾಡೇನು?"

ಈ ಲೆಕ್ಕಕ್ಕೆ ಯಾವ ಆಡಿಟರನೂ ಆಕ್ಷೇಪಣೆ ತೆಗೆಯಲಾರ.

ಸೆಪ್ಟೆಂಬರ್ 8 ಮೇರಿಮಾತೆಯ ಜನ್ಮದಿನ. ಅಂದು ಮಂಗಳೂರಿನ ಕೆಥೋಲಿಕರು ಮೋಂತಿ ಹಬ್ಬವನ್ನು ಆಚರಿಸುತ್ತಾರೆ. ಒಂಬತ್ತು ದಿವಸ ಮಕ್ಕಳು ಮಾತೆಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಮಂತ್ರಿಸಿ ಮನೆಮನೆಗೆ ಹಂಚುತ್ತಾರೆ. ಆ ಹೊಸ ಅಕ್ಕಿಯ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮನೆಯವರೆಲ್ಲ ಕೂಡಿ ಸೇವಿಸುತ್ತಾರೆ. ಆ ದಿನದ ಊಟ ಬಾಳೆಯ ಎಲೆಯ ಮೇಲೆ, ಪೂರ್ತಿ ಕಾಯಿಪಲ್ಲೆಯದು. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಫಾದರ್ ಮಿರಾಂಡ ಅವರು 1763ರಲ್ಲಿ ಈ ಹಬ್ಬಕ್ಕೆ ನಾಂದಿ ಹಾಡಿದರೆಂದು ಹೇಳುತ್ತಾರೆ. ತೆನೆ ತಂದು ಮನೆ ತುಂಬಿಸಿಕೊಳ್ಳುವುದು ನಮ್ಮ ಕರಾವಳಿಯ ಎಲ್ಲರಿಗೂ ಪರಿಚಿತವಾದ ಪದ್ಧತಿಯೇ ಅಷ್ಟೆ.

ನರ್ಸಬಾಯಿ ನಮ್ಮೆಲ್ಲರನ್ನೂ ಊಟಕ್ಕೆ ಕರೆದರು. ಇಲ್ಲೊಂದು ಪೇಚು. ನಮ್ಮ ಅವ್ವ ಆ ಮನೆಯಲ್ಲಿ ನಾಲ್ಕು ವರ್ಷದಿಂದ ಕೂತು ಮಾತಾಡಿದ್ದಾಳೆ, ನೀರು ಕುಡಿದವಳಲ್ಲ. ನಾನು ಅವ್ವನ ಮುಖ ನೋಡಿದೆ. ಅವಳು ಇಳಕಲ್ಲ ಸೀರೆಯ ಸೆರಗು ಸರಿಮಾಡಿಕೊಂಡು, "ಹೊಸಕ್ಕಿ ಊಟ ಬ್ಯಾಡ ಅನಬಾರದು" ಎಂದು ಮುಂದಾಗಿ ನಡೆದಳು. ಎಲೆಯ ಮುಂದೆ ಕೂತು, ಪಾಯಸವನ್ನು ಕಣ್ಣಿಗೊತ್ತಿಕೊಂಡು ಉಂಡಳು. ನರ್ಸಬಾಯಿ ಬಡಿಸುವ ಸೌಟು ಹಿಡಿದುಕೊಂಡೇ ಒಂದು ಗಳಿಗೆ ಆಚೆ ತಿರುಗಿ ನಿಂತರು. ಮನೆಯೊಳಗೆ ಹೊಗೆಯೇನೂ ಇರಲಿಲ್ಲ.

ಮುಂದಿನ ಭಾನುವಾರ ನಾವು ಹೊರಟೆವು. 1930ರಿಂದ ಓಡುತ್ತಿರುವ ನಮ್ಮ ಡೆಕ್ಕನ್ ಕ್ವೀನ್ ಮುಂಜಾನೆ ಏಳೂಕಾಲಿಗೆ ಪುಣೆಯನ್ನು ಬಿಡುತ್ತದೆ. ದಾದರಿನಲ್ಲಿ ಇಳಿದು ಪಶ್ಚಿಮ ರೈಲಿನ ಲೋಕಲ್ ಹಿಡಿದರೆ ಮಾಟುಂಗಾ ರೋಡ್, ಮಾಹಿಮ್, ಮುಂದಿನದೇ ಬಾಂದ್ರಾ. ಈಗ ಅದು ಮುಂಬಯಿಯ ಹೊಟ್ಟೆಯೊಳಗೆ ಸೇರಿಹೋಗಿದ್ದರೂ ಒಂದಾನೊಂದು ಕಾಲಕ್ಕೆ ಸಾಷ್ಟಿ ದ್ವೀಪದ ತುದಿಯಲ್ಲಿದ್ದ ಪ್ರತ್ಯೇಕ ಊರು. 1845ರಲ್ಲಿ ಮಾಹಿಮದ ಸೇತುರಸ್ತೆ ಆಗುವ ಮುನ್ನ ಜನ ದೋಣಿಯಲ್ಲಿ ಕುಳಿತು ಆಚೆ ದಡ ಸೇರಬೇಕಿತ್ತು. ಆ ರಸ್ತೆಗೆ ಹಣ ಕೊಟ್ಟ ಪುಣ್ಯಾತ್ಗಿತ್ತಿ ಪಾರಸಿಯವರಾದ ಲೇಡಿ ಜಮಶೇಟಜಿ ಜೀಜೀಭಾಯಿ.

ಗುಡ್ಡದ ಮೇಲಿರುವ ಗುಡಿಗೆ ಇಂಗ್ಲಿಷಿನಲ್ಲಿ ಮೌಂಟ್ ಮೇರಿ ಎಂದು ಹೆಸರು. ಕೋಳಿ ಜನ, ಎಂದರೆ ಅಲ್ಲಿಯ ಬೆಸ್ತರು, ಮೋತ ಮಾವಲಿ ಎನ್ನುತ್ತಾರೆ: ಮುತ್ತಿನ ತಾಯಿ. ಮೌಂಟ್ ಎಂಬುದೇ ಬಾಯಲ್ಲಿ ಸವೆದು ಮೋತ ಆಯಿತೆಂದು ಬಲ್ಲವರ ಊಹೆ. ಹಾಗಾದರೆ ಮಂಗಳೂರಿನ ಮೋಂತಿ, ಬಾಂದ್ರೆಯ ಮೋತ, ಎರಡೂ ಒಂದೇ ಗುಡ್ಡದ ಎರಡು ಹೆಸರು! ಬೆಸ್ತನೊಬ್ಬನಿಗೆ ಕನಸಿನಲ್ಲಿ ಕಂಡ ಮೂರ್ತಿ ಕಡಲಿನಲ್ಲಿ ತೇಲುತ್ತ ಸಿಕ್ಕಿತೆಂಬ ಕಥೆಯೂ ಇದೆ. ನಮ್ಮ ಕಡೆ ಎಷ್ಟು ದೇವರುಗಳು ಹೀಗೆಯೇ ಕನಸಿನಲ್ಲಿ ಬಂದು ವಿಳಾಸ ಹೇಳಿ ಹೋಗಿಲ್ಲ!

ಮೊದಲಿನ ಮೂರ್ತಿಯನ್ನು ತಂದು ಗುಡಿ ಕಟ್ಟಿದವರು ಪೋರ್ತುಗೀಜರ ಕಾಲದ ಜೆಸುಯಿಟ್ ಪಾದ್ರಿಗಳು. 1700ರಲ್ಲಿ ಅರಬ ಕಡಲುಗಳ್ಳರು ಬಂದು, ಕೈಯಲ್ಲಿದ್ದ ಹೊಳೆಯುವ ವಸ್ತುವನ್ನು ಚಿನ್ನವೆಂದೆಣಿಸಿ ಮೂರ್ತಿಯ ಬಲಗೈಯನ್ನೇ ಕತ್ತರಿಸಿದರಂತೆ. ಅದಾದ ಮೇಲೆ ನಮ್ಮ ಪುಣೆಯವರ ಪಾಳಿ. 1737ರಿಂದ 1739ರವರೆಗೆ ಪೇಶವೆಯ ದಂಡು ಸಾಷ್ಟಿಯನ್ನು ಹಿಡಿದು, ಚಿಮಾಜಿ ಅಪ್ಪನ ಮುಂದಾಳ್ತನದಲ್ಲಿ ವಸಯಿಯ ಕೋಟೆಯನ್ನು ಗೆದ್ದಿತು. ಆ ಕಾಳಗದ ಕಾಲದಲ್ಲಿ ಗುಡ್ಡದ ಗುಡಿ ಹಾಳಾಯಿತು. 1760ರ ಹೊತ್ತಿಗೆ ಮತ್ತೆ ಎದ್ದಿತು. ಮುಂದೆ ಅದೇ ಪೇಶವೆಯ ಮನೆತನದ ಸವಾಯಿ ಮಾಧವರಾಯ, ತನ್ನ ದಂಡಿನಲ್ಲಿದ್ದ ಕ್ರೈಸ್ತ ಸಿಪಾಯಿಗಳಿಗಾಗಿ 1792ರಲ್ಲಿ ಪುಣೆಯಲ್ಲಿ ಇಗರ್ಜಿಗೆ ಜಾಗ ಕೊಟ್ಟ. ಕ್ವಾರ್ಟರ್ ಗೇಟಿನ ಹತ್ತಿರದ ಸಿಟಿ ಚರ್ಚು ಅದೇ. ದಿನಾಲು ಬಸ್ಸಿನ ಕಿಟಕಿಯಿಂದ ನೋಡುತ್ತೇವೆ. ಕಥೆ ನಮಗೆ ಗೊತ್ತಿರುವುದಿಲ್ಲ.

ಈಗಿರುವ ಬಾಂದ್ರೆಯ ಕಟ್ಟಡ 1904ರದು. ಅದರ ನಕಾಶೆ ಬರೆದವರು ಶಾಪೂರಜಿ ಚಂದಾಭಾಯಿ ಎಂಬ ಪಾರಸಿ ಶಿಲ್ಪಿ. ಕೈ ಕಳೆದುಕೊಂಡಿದ್ದ ಹಳೆಯ ಮೂರ್ತಿಯನ್ನೇ ಸರಿಪಡಿಸಿ ಮುಖ್ಯ ಪೀಠದ ಮೇಲೆ ಇಟ್ಟಿದ್ದಾರೆ. 1954ರಲ್ಲಿ ಈ ಗುಡಿಗೆ ಬಸಿಲಿಕದ ಪದವಿ ಬಂದಿತು. ಸೆಪ್ಟೆಂಬರ್ 8ರ ಮುಂದಿನ ಭಾನುವಾರದಿಂದ ಒಂದು ವಾರ ಜಾತ್ರೆ. ಕ್ರೈಸ್ತರಷ್ಟೇ ಅಲ್ಲ, ಹಿಂದೂಗಳು, ಮುಸಲ್ಮಾನರು, ಪಾರಸಿಗಳು ಎಲ್ಲರೂ ಬರುತ್ತಾರೆ.

ಜಾತ್ರೆಯೆಂದರೆ ಎಲ್ಲ ಕಡೆಗೂ ಜಾತ್ರೆಯೇ! ಬತ್ತಾಸದ ಜಾಗದಲ್ಲಿ ಬೆಲ್ಲ-ಶುಂಠಿ ಸವರಿದ ಗೋವೆಯ ಕಡ್ಡಿ-ಮಿಠಾಯಿ. ತುತ್ತೂರಿ, ಬಳೆ, ಚುರುಮುರಿ ಇದ್ದಂತೆಯೇ ಇವೆ. ಬೇರೆಯಾದದ್ದು ಮೇಣದ ಅಂಗಡಿಗಳು. ಮೇಣದ ಕೈ, ಕಾಲು, ಕಣ್ಣು, ಹೃದಯ, ಮಕ್ಕಳಿಲ್ಲದವರಿಗೆ ಮೇಣದ ಕೂಸು, ಬಾಡಿಗೆಯವರಿಗೆ ಮೇಣದ ಮನೆ, ಮೋಟಾರು ಕೂಡ. ನನ್ನಾಕೆ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತಳು. ನಾನು ಕಾಣದವನಂತೆ ಛತ್ರಿಯನ್ನು ಮಡಿಚಿದೆ, ಬಿಚ್ಚಿದೆ.

"ಕೈಕಾಲು ಮೇಣದ್ದು ಕೊಡ್ತಾರಲ್ಲ, ವಿಚಿತ್ರ" ಎಂದೆ ಅವ್ವನಿಗೆ.

"ಏನ ವಿಚಿತ್ರ? ನಮ್ಮ ದೇವರಿಗೆ ಬೆಳ್ಳಿ ಕಣ್ಣು, ಬೆಳ್ಳಿ ತೊಟ್ಟಿಲು ಕೊಡೂದಿಲ್ಲೇನು? ಇಕಿ ಬಡವರ ದೇವತಿ. ಮೇಣ ಸಾಕು ಅಂತಾಳ."

ಅಂಗಡಿಯ ಮುದುಕಿ ಮರಾಠಿಯಲ್ಲಿ ಕೇಳಿದಳು: "ಉಜವಾ ಕೀ ಡಾವಾ?" ಬಲದ್ದೋ ಎಡದ್ದೋ? ನಾನು ಉತ್ತರ ಕೊಡುವ ಮೊದಲೇ ಚಿನ್ನಿ ತನ್ನ ಎಡಗಾಲನ್ನು ಎತ್ತಿ ತೋರಿಸಿದಳು. ಆಗ ಬಲಗಾಲೊಂದರ ಮೇಲೆಯೇ ನಿಂತಿದ್ದಳು, ಆದರೆ ನಗುತ್ತಿದ್ದಳು.

ಸರದಿಯ ಸಾಲಿನಲ್ಲಿ ಎರಡು ತಾಸು ನಿಂತೆವು. ಮಳೆ ಬಂದು ಹೋಯಿತು. ಅಷ್ಟೂ ಹೊತ್ತು ನನ್ನ ತಲೆಯಲ್ಲಿ ಒಂದೇ ಯೋಚನೆ: ಈ ಅಂಗಡಿಗಳಲ್ಲಿ ಎಲ್ಲ ಅವಯವಗಳಿಗೂ ಮೇಣವಿದೆ, "ನಾಳೆ ನೋಡೋಣ" ಎಂಬ ರೋಗಕ್ಕೆ ಯಾವ ಆಕಾರದ್ದು ಕೊಡಬೇಕು?

ಒಳಗೆ ಹೋಗಿ, ಮೇಣದ ಕಾಲನ್ನು ಅರ್ಪಿಸುವ ವೇಳೆಗೆ ಚಿನ್ನಿ ಅದನ್ನು ಎದೆಗವಚಿಕೊಂಡು ಬಿಡಲೊಲ್ಲಳು. "ಅಜ್ಜೀ, ಅಕಿಗೆ ನನ್ನ ಕಾಲು ಯಾಕ?"

ಅವ್ವ ಬಗ್ಗಿ ಅವಳ ಕಿವಿಯಲ್ಲಿ ಅಂದಳು: "ಕಾಲು ನಿಂದೇ ಕೂಸ. ನೋವಷ್ಟ ಅಕಿಗೆ ಕೊಟ್ಟುಬಿಡು."

ಕೂಸು ಕೊಟ್ಟಿತು. ಅವ್ವ ಕೈಮುಗಿದು, ಎಲ್ಲವ್ವನ ಮುಂದೆ ನಿಂತಂತೆಯೇ ಗಲ್ಲ ಗಲ್ಲ ಬಡಿದುಕೊಂಡಳು. ಪಕ್ಕದಲ್ಲಿ ಜಪಮಣಿ ಎಣಿಸುತ್ತಿದ್ದ ಮುದುಕಿಯೊಬ್ಬಳು ಸರಿದು ಜಾಗ ಮಾಡಿಕೊಟ್ಟಳು. ನರ್ಸಬಾಯಿಗೆ ಮೊಣಕಾಲ ನೋವು, ಗುಡ್ಡ ಹತ್ತಲಾರೆನೆಂದು ಬಂದಿರಲಿಲ್ಲ. ಅವ್ವ ಅವರ ಹೆಸರಿನಲ್ಲಿಯೂ ಒಂದು ಮೇಣಬತ್ತಿ ಕೊಟ್ಟಳು.

ಹೊರಗೆ ಬಂದು, ಕಡಲು ಕಾಣುವ ಕಡೆ ಮೆಟ್ಟಲ ಮೇಲೆ ಕುಳಿತೆವು. ಚಿನ್ನಿ ತಾಯಿಯ ಕೈ ಹಿಡಿದು ಮೆಟ್ಟಲನ್ನು ಹತ್ತುವುದು, ಇಳಿಯುವುದು ಮಾಡುತ್ತಿದ್ದಳು. ನನಗೆ ತಡೆಯದಾಯಿತು.

"ಅವ್ವಾ, ತಪ್ಪು ನಂದು. ಕಂಬಿ ಅಲುಗಾಡತಿತ್ತು. ಇಕಿ ನನಗ ಮೂರು ಸಲ ಹೇಳಿದ್ದಳು."

ಅವ್ವ ಕಡಲಿನ ಕಡೆಗೇ ನೋಡುತ್ತಿದ್ದಳು. "ನನಗ ಗೊತ್ತೈತಿ ತಮ್ಮಾ. ಅವತ್ತ ದವಾಖಾನಿಯಿಂದ ಬಂದ ಮ್ಯಾಲೆ ನಿನ್ನ ಅಂಗಿ ಒಗಿಯಾಕ ಹಾಕೂ ಮುಂದ ಕಿಸೇದಾಗ ಆ ಅರ್ಜಿ ಸಿಕ್ಕಿತ್ತು. ಒಲಿಗೆ ಹಾಕಿದೆ."

"ಯಾಕ ಒಂದು ಮಾತೂ ಅನಲಿಲ್ಲ?"

"ಅಂದಿದ್ರ ಕೂಸಿನ ಕಾಲು ಕೂಡತಿತ್ತೇನು? ನೀ ಮುರೀತಿದ್ದಿ. ಒಂದ ಹರಕಿಗೆ ಇಬ್ಬರನ್ನೂ ಕಟ್ಟಿದೆ, ಅಷ್ಟ."

ಮುಂದೆ ನಾನು ಏನೂ ಮಾತಾಡಲಿಲ್ಲ. ಬಿ.ಎ. ಓದಿದ್ದರಿಂದ ಇಂಥ ಹೊತ್ತಿನಲ್ಲಿ ಏನೂ ಉಪಯೋಗವಿಲ್ಲ.

ಸೋಮವಾರ ಕಚೇರಿಗೆ ಹೋದೆ. ನನ್ನ ಮೇಜಿನ ಎಡಗಡೆಯ ಗಂಟಿನಲ್ಲಿ, ನಾಳೆ ನೋಡೋಣವೆಂದು ಎತ್ತಿಟ್ಟ ಕಾಗದಗಳು ಹದಿನಾಲ್ಕು ಇದ್ದವು. ಎಲ್ಲಕ್ಕೂ ಕೆಳಗೆ ಒಬ್ಬ ವಿಧವೆಯ ಪೆನ್ಶನ್ನಿನ ಅರ್ಜಿ. ಒಂದು ಸಣ್ಣ ದಾಖಲೆಗಾಗಿ ನಿಂತದ್ದು. ಆ ದಾಖಲೆ ನಮ್ಮದೇ ಕಪಾಟಿನಲ್ಲಿತ್ತು. ಹುಡುಕಲು ಹಿಡಿದದ್ದು ಅರ್ಧ ತಾಸು. ಬಡಿಗನಿಗೆ ಹಿಡಿದಷ್ಟೇ.

ವಾಚಕರಲ್ಲಿ ಯಾರಾದರೂ ಬಾಂದ್ರೆಗೆ ಹೋಗುವುದಾದರೆ ಭಾನುವಾರ ಬಿಟ್ಟು ಬೇರೆ ದಿನ ಹೋಗಿರಿ, ಗದ್ದಲ ಕಡಿಮೆ, ಛತ್ರಿ ಮರೆಯಬೇಡಿರಿ, ವೃದ್ಧರಿದ್ದರೆ ನಿಲ್ದಾಣದಿಂದ ರಿಕ್ಷಾ ಮಾಡಿರಿ. ಹೊರಡುವ ಮುನ್ನ ನಿಮ್ಮ ಮನೆಯ ಮೆಟ್ಟಲ ಕಂಬಿಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿರಿ. ಅದಕ್ಕೆ ಅರ್ಜಿ ಬೇಕಾಗಿಲ್ಲ.