ಕೂಲಿ, ಸಂಬಳ, ಗೌರವಧನ

ದುಡಿಮೆಯ ಪ್ರತಿಫಲಕ್ಕೆ ಕನ್ನಡದಲ್ಲಿ ಹೆಸರುಗಳು ಹಲವು. ಕಚೇರಿಯಲ್ಲಿ ಕುಳಿತವರಿಗೆ ಸಂಬಳ, ಗದ್ದೆಯಲ್ಲಿ ಬಾಗಿದವರಿಗೆ ಕೂಲಿ, ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ತಾಯಂದಿರಿಗೆ ಗೌರವಧನ. ಹೆಸರು ಬೇರೆಯಾದುದರಿಂದ ಹಾನಿಯಿಲ್ಲ. ಹೆಸರಿನೊಡನೆ ದುಡಿಯುವವರ ಬೆಲೆಯೂ ಬೇರೆಯಾಗುವುದೇ ಅನರ್ಥ.

ಕಂಪ್ಲಿಯ ನೀರಾವರಿ ಬಯಲಿನಲ್ಲಿ ‘ಗಂಡಾಳು’, ‘ಹೆಣ್ಣಾಳು’ ಎಂಬ ಪದಗಳು ಲಿಂಗವನ್ನಷ್ಟೇ ಅಲ್ಲದೆ ಎರಡು ದರಗಳನ್ನೂ ಸೂಚಿಸುತ್ತ ಬಂದಿವೆ. ಹೊತ್ತು ಮುಳುಗುವತನಕ ಕೆಸರಿನಲ್ಲಿ ನಡು ಬಗ್ಗಿಸಿ ಸಸಿ ನೆಡುವುದು ಹಗುರ, ಮೂಟೆ ಹೊರುವುದು ಭಾರ ಎಂದು ಇದನ್ನು ಸಮರ್ಥಿಸುವವರುಂಟು. ನಾಟಿ ತಪ್ಪಿದರೆ ಹೊರಲು ಮೂಟೆಯೆಲ್ಲಿಯದು?

ಸಮಾನ ಕೆಲಸಕ್ಕೆ ಸಮಾನ ವೇತನವೆಂಬುದನ್ನು ಸಂವಿಧಾನದ 39ನೆಯ ಅನುಚ್ಛೇದವು ನಿರ್ದೇಶಕ ತತ್ತ್ವವಾಗಿ ಸಾರಿತು. 1976ರ ಸಮಾನ ವೇತನ ಕಾಯಿದೆ ಅದನ್ನು ಶಾಸನವಾಗಿಸಿತು. 2019ರ ವೇತನ ಸಂಹಿತೆಯೂ ಅದನ್ನು ಒಳಗೊಂಡಿದೆ. ಮಾಲೀಕನ ಹಣದ ಅಡಚಣೆ ಇದಕ್ಕೆ ನೆಪವಾಗಲಾರದೆಂದು ಸರ್ವೋಚ್ಚ ನ್ಯಾಯಾಲಯವು 1987ರಲ್ಲಿಯೇ ತೀರ್ಪಿತ್ತಿದೆ. ಆದರೂ ಶಾಸನವು ಹೋಲಿಸುವುದು ಒಂದೇ ಬಗೆಯ ಕೆಲಸವನ್ನು ಮಾತ್ರ. ಕೆಲಸವನ್ನೇ ಹೆಣ್ಣಿನದು, ಗಂಡಿನದು ಎಂದು ಮೊದಲು ವಿಭಾಗಿಸಿಬಿಟ್ಟರೆ ಹೋಲಿಕೆಗೆ ಅವಕಾಶವೇ ಉಳಿಯುವುದಿಲ್ಲ.

ಸಂಡೂರಿನ ಗಣಿಗಳಲ್ಲಿ ಕೈಯಿಂದ ಅದಿರು ಒಡೆದು ಆರಿಸುವ ಕೆಲಸವಿದ್ದಾಗ ಹೆಂಗಸರಿಗೆ ಸ್ಥಳವಿತ್ತು. ಯಂತ್ರಗಳು ಬಂದಾಗ ಆ ಕೆಲಸ ಹೋಯಿತು. ಯಂತ್ರದ ಮೇಲಿನ ಆಸನ ಮಾತ್ರ ಗಂಡಸಿಗೆ ದಕ್ಕಿತು. 1952ರ ಗಣಿ ಕಾಯಿದೆ ಸ್ತ್ರೀಯರಿಗೆ ನಿಷೇಧಿಸಿದ್ದ ರಾತ್ರಿಪಾಳಿಯನ್ನು 2019ರಲ್ಲಿ ನಿಬಂಧನೆಗಳೊಡನೆ ತೆರೆಯಲಾಗಿದೆ. ಬಾಗಿಲು ತೆರೆದರೆ ಸಾಲದು, ಯಂತ್ರ ನಡೆಸುವ ಶಿಕ್ಷಣವೂ ದೊರೆಯಬೇಕು.

ಹೊಣೆಯ ಕೆಲಸ ಸ್ತ್ರೀಯರಿಗೆ ಒಗ್ಗದೆಂಬ ಮಾತಿಗೆ ಹಂಪಿಯೇ ಉತ್ತರ ಹೇಳುತ್ತದೆ. ಹದಿನಾರನೆಯ ಶತಮಾನದಲ್ಲಿ ಇಲ್ಲಿದ್ದ ಪೋರ್ತುಗೀಸ್ ಕುದುರೆ ವ್ಯಾಪಾರಿ ನೂನಿಜ್, ವಿಜಯನಗರದ ಅರಮನೆಯಲ್ಲಿ ಲೆಕ್ಕ ಬರೆಯುವ, ರಾಜ್ಯದ ವಿದ್ಯಮಾನಗಳನ್ನು ದಾಖಲಿಸಿ ಹೊರಗಿನ ಕರಣಿಕರ ಕಡತಗಳೊಡನೆ ತಾಳೆ ನೋಡುವ ಸ್ತ್ರೀಯರಿದ್ದುದನ್ನು ಬರೆದಿಟ್ಟಿದ್ದಾನೆ. ಹನ್ನೆರಡನೆಯ ಶತಮಾನದ ಶರಣೆಯರಲ್ಲಿ ಕದಿರೆ ರೆಮ್ಮವ್ವೆಗೆ ನೂಲುವ ಕದಿರು, ಕೊಟ್ಟಣದ ಸೋಮಮ್ಮನಿಗೆ ಭತ್ತ ಕುಟ್ಟುವ ಕೊಟ್ಟಣ ಹೆಸರಿನ ಭೂಷಣಗಳೇ ಆದವು. ಅಂದು ಕಾಯಕವು ವ್ಯಕ್ತಿಗೆ ಗೌರವ ತಂದಿತು. ಇಂದು ‘ಗೌರವಧನ’ವೆಂಬ ಪದದಲ್ಲಿ ಗೌರವವಿದೆ, ಧನ ಮಾತ್ರ ಅಲ್ಪ, ದಿನವೂ ದುಡಿಯುವ ಅಡುಗೆಯವರು ನೌಕರರ ಪಂಕ್ತಿಗೆ ಸೇರಿಲ್ಲ.

ಹೊಸಪೇಟೆಯ ಸುತ್ತಲಿನ ವಿದ್ಯಾಸಂಸ್ಥೆಗಳು ಕಾಯಕದ ವಿಷಯವಾಗಿ ಭಾಷಣ ಸ್ಪರ್ಧೆಗಳನ್ನು ಏರ್ಪಡಿಸುವುದು ಸ್ತುತ್ಯವೇ. ಆದರೆ ಕಸ ಗುಡಿಸುವವರನ್ನು, ಅಡುಗೆಯವರನ್ನು ಉಪಾಧ್ಯಾಯರು ಹೇಗೆ ಸಂಬೋಧಿಸುತ್ತಾರೆಂಬುದೇ ಮಕ್ಕಳಿಗೆ ಮೊದಲ ಪಾಠ. ಕಟ್ಟಡಕ್ಕೆ ದಾನವಿತ್ತ ಮಹನೀಯರು ತಮ್ಮ ಹೆಸರಿನ ಶಿಲಾಫಲಕದೊಡನೆ, ಆ ಕಟ್ಟಡಕ್ಕೆ ಇಟ್ಟಿಗೆ ಹೊತ್ತವರ ಕೂಲಿಯ ಪಟ್ಟಿಯನ್ನೂ ಒಮ್ಮೆ ಕೇಳಿ ನೋಡುವುದೊಳ್ಳೆಯದು. ಅಲ್ಲಿ ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಅಂಕಿ ಇದ್ದರೆ ದಾನವು ಸಾರ್ಥಕವಾದಂತೆ.