ಸೂಜಿ ಮೊದಲೋ, ತಟ್ಟೆ ಮೊದಲೋ?

ನಮ್ಮತ್ತೆಯವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚುವ ಕೆಲಸ ನನ್ನದು. ಚುಚ್ಚಿ ಅರ್ಧ ಗಂಟೆ ಬಿಟ್ಟು ತಟ್ಟೆ ಹಾಕಬೇಕು ಅಂತ ಡಾಕ್ಟರು ಹೇಳಿದ್ದರು. ಆ ಅರ್ಧ ಗಂಟೆ ಅವರಿಗೆ ಅರ್ಧ ದಿನ. ಒಗ್ಗರಣೆಯ ಘಮ ಬಂದರೆ ಸಾಕು, "ಇನ್ನೂ ಆಗ್ಲಿಲ್ವೇನೇ?" ಅಂತ ಶುರು.

ಹೋದ ತಿಂಗಳು ಡಾಕ್ಟರು ಔಷಧಿ ಬದಲಾಯಿಸಿದರು. ಹೊಸದು ಲಿಸ್ಪ್ರೊ ಅನ್ನುವ ಇನ್ಸುಲಿನ್. "ಇದನ್ನ ತಟ್ಟೆ ಮುಂದಿಟ್ಟುಕೊಂಡೇ ಚುಚ್ಚಿ" ಅಂದರು. ತಲೆಯೇನೋ ಆಡಿಸಿದೆ, ಮಾರನೇ ದಿನ ಕೈ ಹಳೇ ಅಭ್ಯಾಸ ಬಿಡಲಿಲ್ಲ. ಏಳೂವರೆಗೆ ಚುಚ್ಚಿ ರೊಟ್ಟಿ ತಟ್ಟಲು ನಿಂತೆ. ಗ್ಯಾಸು ಅವತ್ತೇ ಮುಗೀಬೇಕೆ! ಸಿಲಿಂಡರ್ ಬದಲಾಯಿಸಿ ತಿರುಗಿ ನೋಡಿದರೆ ಅತ್ತೆಯವರ ಮೈಯೆಲ್ಲ ಬೆವರು, ಕೈ ಗಡಗಡ, ಮಾತು ತೊದಲು. ಪುಣ್ಯಕ್ಕೆ ಎಚ್ಚರವಿತ್ತು, ಸಕ್ಕರೆ ನೀರು ಕುಡಿಸಿದೆ. ಕಾಲು ಗಂಟೆಯಲ್ಲಿ ಅವರು ಸುಧಾರಿಸಿಕೊಂಡರು. ನನ್ನ ಎದೆ ಸುಧಾರಿಸಲು ಮಧ್ಯಾಹ್ನವಾಯಿತು.

ಎರಡೂ ಇನ್ಸುಲಿನ್ನೇ ತಾನೆ, ಮತ್ತೇಕೆ ಈ ವ್ಯತ್ಯಾಸ? ಬಿ.ಎಸ್ಸಿ. ಓದುವ ಮಗಳನ್ನು ಹಿಡಿದು ಕೂರಿಸಿ ಕೇಳಿದೆ. ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ.

ಇನ್ಸುಲಿನ್ ಅಂದರೆ ಎರಡೆಳೆಯ ಮಣಿಸರ. ಒಂದೆಳೆಗೆ 21 ಮಣಿ, ಇನ್ನೊಂದಕ್ಕೆ 30. ಅದು ಹೇಗೆ ಮಡಿಚಿಕೊಂಡಿದೆ ಅನ್ನುವುದು ಕಣ್ಣಿಗೆ ಕಾಣುವಂಥದ್ದಲ್ಲ. ಅದಕ್ಕೇ ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟುವ ಹಾಗೆ ಇನ್ಸುಲಿನ್ನನ್ನೂ ಹರಳುಗಟ್ಟಿಸುತ್ತಾರೆ. ಅದರ ಮೂಲಕ ಎಕ್ಸ್‌ರೇ ಹಾಯಿಸಿದರೆ ಫಿಲ್ಮಿನ ಮೇಲೆ ಚುಕ್ಕಿಗಳು ಬೀಳುತ್ತವೆ. ಚುಕ್ಕಿ ನೋಡಿಯೇ ರಂಗೋಲಿ ಯಾವುದೆಂದು ಹೇಳುತ್ತೇವಲ್ಲ, ಹಾಗೆ ಲೆಕ್ಕ ಹಾಕಿ ಆಕಾರ ಕಂಡುಹಿಡಿಯುತ್ತಾರೆ.

ಈ ರಂಗೋಲಿ ಬಿಡಿಸಿದ್ದು ಇಂಗ್ಲೆಂಡಿನ ಒಬ್ಬ ಹೆಂಗಸು, ಡೊರೊತಿ ಹಾಡ್ಜ್‌ಕಿನ್. 1935ರಲ್ಲಿ ಇನ್ಸುಲಿನ್ ಹರಳಿನ ಮೊದಲ ಚುಕ್ಕಿಚಿತ್ರ ಪ್ರಕಟಿಸಿದಾಕೆಗೆ ಪೂರ್ತಿ ಆಕಾರ ಸಿಕ್ಕಿದ್ದು 1969ರಲ್ಲಿ. 34 ವರ್ಷ! ಅಷ್ಟರಲ್ಲಿ ಮೂರು ಮಕ್ಕಳನ್ನು ಸಾಕಿದರು, ಬೇರೆ ಕೆಲಸಕ್ಕೆ 1964ರ ನೊಬೆಲ್ ಬಹುಮಾನವನ್ನೂ ತಂದರು. ಇಪ್ಪತ್ತನಾಲ್ಕನೇ ವಯಸ್ಸಿಗೇ ಸಂಧಿವಾತ ಅಂಟಿಕೊಂಡು ಕೈಬೆರಳು ಸೊಟ್ಟಗಾಗಿದ್ದವಂತೆ. ಅವರ ತಂಡದಲ್ಲಿದ್ದ ಎಂ. ವಿಜಯನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಇದೇ ವಿದ್ಯೆಯನ್ನು ಇಲ್ಲಿ ಬೆಳೆಸಿದರು. ಆಗ ನೋಡಿದ್ದು ಹಂದಿಯ ಇನ್ಸುಲಿನ್. ನಮ್ಮದಕ್ಕೂ ಅದಕ್ಕೂ ಒಂದೇ ಮಣಿಯ ವ್ಯತ್ಯಾಸ. (ಅತ್ತೆಯವರಿಗೆ ಇದನ್ನು ಹೇಳಿಲ್ಲ.)

ಹರಳಿನಲ್ಲಿ ಕಂಡದ್ದೇನು? ಆರು ಇನ್ಸುಲಿನ್‌ಗಳು ಎರಡು ಸತುವಿನ ಕಣದ ಸುತ್ತ ಉಂಡೆ ಕಟ್ಟಿಕೊಂಡಿವೆ. ಹಳೆಯ ಔಷಧಿಯ ಸೀಸೆಯಲ್ಲೂ ಹೀಗೇ. ಜೀವಕೋಶದ ಮೇಲೆ ಇನ್ಸುಲಿನ್ ಹೋಗಿ ಹಿಡಿಯುವ ಒಂದು ಜಾಗವಿದೆ. ಹಿಡಿಯಬೇಕಾದ ಕೈ ಉಂಡೆಯಲ್ಲಿ ಪಕ್ಕದವರ ಕೈಗೆ ಸಿಕ್ಕಿಬಿದ್ದಿರುತ್ತದೆ. ಚರ್ಮದಡಿ ಉಂಡೆ ಒಡೆದು ಒಂಟಿಯಾಗಬೇಕು, ಆಮೇಲೇ ಕೆಲಸ. ಆ ಅರ್ಧ ಗಂಟೆ ಇದಕ್ಕೇ! 30 ಮಣಿಯ ಎಳೆಯಲ್ಲಿ 28 ಮತ್ತು 29ನೇ ಮಣಿಗಳನ್ನು ಅದಲುಬದಲು ಮಾಡಿದರೆ ಉಂಡೆ ಬಿಗಿಯಾಗುವುದಿಲ್ಲ, ಬೇಗ ಬಿಡುತ್ತದೆ. ಅದೇ ಲಿಸ್ಪ್ರೊ, 1996ರಲ್ಲಿ ಬಳಕೆಗೆ ಬಂತು.

ಕೈ ಹೇಗೆ ಹಿಡಿಯುತ್ತದೆ ಅನ್ನುವುದು ಕಂಡದ್ದು ಇನ್ನೂ ಈಚೆಗೆ, 2013ರಲ್ಲಿ. ಮನುಷ್ಯರ ಜೀವಕೋಶದ ಆ ಜಾಗದ ತುಂಡನ್ನೇ ಇನ್ಸುಲಿನ್ ಸಮೇತ ಹರಳುಗಟ್ಟಿಸಿ ನೋಡಿದರು. ಸರದ ತುದಿ ಕದದ ಹಾಗೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಒಳಗೆ ಮುಚ್ಚಿದ್ದ ಭಾಗ ಹೋಗಿ ಅಂಟುತ್ತದೆ.

ನಿಮ್ಮ ಮನೆಯಲ್ಲೂ ಔಷಧಿ ಬದಲಾದರೆ ಚುಚ್ಚುವ ಹೊತ್ತನ್ನು ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ನಾನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಅತ್ತೆಯವರಂತೂ ಈಗ ರೊಟ್ಟಿ ಬಿದ್ದು, ಚಟ್ನಿಯೂ ಬಿದ್ದ ಮೇಲೇ ಹೊಟ್ಟೆ ಮೇಲಿನ ಸೆರಗು ಸರಿಸುವುದು.