ಹೊಲಿಗೆ ಮೇಲೆ ಅರಿಶಿನ ಬೇಡ ಅಜ್ಜಿ

ಕಳೆದ ತಿಂಗಳು ನಮ್ಮ ಕೆಳಗಿನ ಮನೆಯ ಆರು ವರ್ಷದ ಹುಡುಗನಿಗೆ ಅಪೆಂಡಿಕ್ಸ್ ಆಪರೇಷನ್ ಆಯ್ತು. ಬಸವೇಶ್ವರನಗರದ ಮನೆಗೆ ಅವನು ಬಂದ ದಿನವೇ ವಿಜಯನಗರದಿಂದ ಅಜ್ಜಿಯೂ ಬಂದ್ರು, ಡಬ್ಬಿಯಲ್ಲಿ ಅರಿಶಿನ, ಸೀಸೆಯಲ್ಲಿ ಕೊಬ್ಬರಿ ಎಣ್ಣೆ. ಅಜ್ಜಿಯ ಪ್ರೀತಿ ದೊಡ್ಡದು, ನಿಜ. ಆದ್ರೆ ಅಡುಗೆಮನೆ ಡಬ್ಬಿಯ ಪುಡಿಯಲ್ಲಿ ಏನೇನು ಸೇರಿರುತ್ತೋ! ಹಸಿ ಹೊಲಿಗೆಗೆ ಅದು ತಾಗಬಾರದು. ಸೊಸೆ ಜಗಳಕ್ಕೆ ಹೋಗಲಿಲ್ಲ. "ಅತ್ತೆ, ಬಂದವರೆಲ್ಲ ಸೋಪು ಹಾಕಿ ಕೈ ತೊಳೆದ ಮೇಲೇ ಮಗೂನ ಮುಟ್ಟಬೇಕು, ಆ ಜವಾಬ್ದಾರಿ ನಿಮ್ದು" ಅಂದ್ಲು. ಆಮೇಲೆ ಅಜ್ಜಿ ಯಾರನ್ನೂ ಬಿಡಲಿಲ್ಲ, ಮಗನನ್ನೂ!

ಸ್ವಚ್ಛತೆಯ ಬೆಲೆ ಸರ್ಜನ್‌ಗಳಿಗೇ ತಡವಾಗಿ ಗೊತ್ತಾಗಿದ್ದು. 1865ರಲ್ಲಿ ಗ್ಲ್ಯಾಸ್ಗೋದಲ್ಲಿ 11 ವರ್ಷದ ಹುಡುಗನ ಕಾಲ ಮೇಲೆ ಗಾಡಿ ಹರಿದು ಮೂಳೆ ಮುರಿದು, ಚರ್ಮ ಸೀಳಿ ಗಾಯವಾಗಿತ್ತು. ಅಂಥ ಕಾಲನ್ನು ಆಗ ಕತ್ತರಿಸೋದೇ ರೂಢಿ. ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಲ್ಲಿ ನೆನೆಸಿದ ಬಟ್ಟೆ ಕಟ್ಟಿದರು. ಕೀವಾಗಲಿಲ್ಲ, ಕಾಲು ಉಳೀತು.

ಆಪರೇಷನ್‌ಗೆ ಮೊದಲೇ ನಮ್ಮ ಕೆಲಸ ಶುರು. ಮಗುವಿಗೆ ಸ್ನಾನ ಮಾಡಿಸಿ, ಉಗುರು ಕತ್ತರಿಸಿ. ಕೂದಲು ತೆಗೆಯೋಕೆ ರೇಜರ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ. ಕಣ್ಣಿಗೆ ಕಾಣದ ಗೀರುಗಳೇ ರೋಗಾಣುಗಳಿಗೆ ದಾರಿ. ಅದೇ ಮಾರ್ಗಸೂಚಿ ಪ್ರಕಾರ ಸೋಂಕು ತಡೆಯುವ ಆ್ಯಂಟಿಬಯಾಟಿಕ್ ಕೊಡಬೇಕಾದ್ದು ಕೊಯ್ಯುವ ಮೊದಲಿನ ಎರಡು ಗಂಟೆಯೊಳಗೆ. ಮುಗಿದ ಮೇಲೆ ತಡೆಗಾಗಿ ಅಂತಲೇ ದಿನಗಟ್ಟಲೆ ಮುಂದುವರಿಸೋದಲ್ಲ. ಅಪೆಂಡಿಕ್ಸ್ ಒಡೆದಿದ್ದರೆ ಮಾತ್ರ ವಿಷಯ ಬೇರೆ, ಅಲ್ಲಿ ಅದು ಚಿಕಿತ್ಸೆ. ಹಾಗಾಗಿ ಡಾಕ್ಟ್ರು ಬರೆದಿದ್ದರೆ ಪೂರ್ತಿ ಕೊಡಿ. ಬರೆಯದಿದ್ದರೆ ಮೆಡಿಕಲ್ ಶಾಪಲ್ಲಿ ನೀವೇ ಕೇಳಿ ತರಬೇಡಿ.

ಡ್ರೆಸ್ಸಿಂಗ್ ಒದ್ದೆಯಾಗಬಾರದು. ಸ್ನಾನ ಯಾವಾಗ ಅಂತ ಡಿಸ್ಚಾರ್ಜ್ ದಿನವೇ ಕೇಳಿ ಬರೆದುಕೊಳ್ಳಿ. ಇಬ್ಬರೂ ಆಫೀಸಿಗೆ ಹೋಗೋರಾದ್ರೆ ದಿನಾ ಒಂದೇ ಬೆಳಕಲ್ಲಿ ಗಾಯದ ಫೋಟೋ ತೆಗೆದಿಡಿ. ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಕಾಣುತ್ತೆ. ನಮ್ಮ ಮೈಬಣ್ಣದಲ್ಲಿ ಕೆಂಪು ಬೇಗ ಗೊತ್ತಾಗಲ್ಲ. ಅದಕ್ಕೇ ತೊಳೆದ ಕೈಯ ಹಿಂಬದಿಯಿಂದ ಗಾಯದ ಸುತ್ತ ಬಿಸಿ ಇದೆಯಾ, ಊದಿದೆಯಾ ನೋಡಿ.

ಸೋಂಕು 30 ದಿನದೊಳಗೆ ಯಾವಾಗ ಬೇಕಾದ್ರೂ ತಲೆ ಎತ್ತಬಹುದು. ಕಮ್ಮಿಯಾಗ್ತಿದ್ದ ನೋವು ಮತ್ತೆ ಜಾಸ್ತಿ ಆದ್ರೆ, ಜ್ವರ, ಕೀವು, ವಾಸನೆ ಬಂದ್ರೆ, ಹೊಲಿಗೆ ಬಿಟ್ಟುಕೊಂಡ್ರೆ, ಆಟ ಆಡ್ತಿದ್ದ ಮಗು ಸುಮ್ಮನೆ ಮಲಗಿಬಿಟ್ರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಯಾರಿಗೆ ಫೋನ್ ಮಾಡಬೇಕು ಅನ್ನೋ ನಂಬರನ್ನು ಆಸ್ಪತ್ರೆ ಬಿಡುವ ಮೊದಲೇ ಇಸ್ಕೊಂಡು, ಅಜ್ಜಿಯ ಮೊಬೈಲಲ್ಲೂ ಸೇವ್ ಮಾಡಿಕೊಡಿ.